ಬೋರಲಾಗಿದ್ದ ಡ್ರಮ್ಮು

ನಾನು ನಿಂತಿದ್ದದ್ದು ವೇಬ್ರಿಡ್ಜ್ ಕೋಣೆಯ ಹೊಸ್ತಿಲ ಮೇಲೆ, ಗಿರಣಿಯ ಅಂಗಳಕ್ಕೆ ಮುಖ ಮಾಡಿ. ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಇದು ಕೋಣೆಯ ಗೋಡೆ ಗಡಿಯಾರದ ಸಮಯ. ಅದು ಎರಡು ನಿಮಿಷ ಮುಂದಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಹಾಗಿದ್ದರೆ ಹತ್ತು ನಲವತ್ತು. ತೂಕಕ್ಕೆಂದು ಭತ್ತದ ಲಾರಿಯೊಂದು ಬಂದು ನಿಂತಿತ್ತು. ಗಂಟೆ ಹೊಡೆಯಿತು. ನಾನಿದ್ದಲ್ಲಿಂದ ಬೇವಿನ ಗಿಡ ಎಡಕ್ಕೆ, ಬಾಯ್ಲರ್ ಮನೆ ನೇರ ಎದುರಿಗೆ, ಖಾಲಿ ಗೋಣಿಚೀಲಗಳ ಗೋದಾಮು ಬಲಕ್ಕೆ. ಬಾಯ್ಲರ್ ಮನೆಯ ಗೋಡೆಗೆ ಹತ್ತಿಕೊಂಡು ಒಂದು ಕಬ್ಬಿಣದ ಡ್ರಮ್ಮು ಬೋರಲಾಗಿತ್ತು. ಅದರ ಮೇಲೆ ಬಸಣ್ಣನ ಕೆಂಪು ಟವೆಲ್ಲು ಒಣಗುತ್ತಿತ್ತು.

ಇದನ್ನು ನಾನು ಒಂಬತ್ತು ವರ್ಷ ಯಾರಿಗೂ ಹೇಳಿಲ್ಲ.

ಕಳೆದ ತಿಂಗಳು ಸಾಹೇಬರು ಕುರುಗೋಡಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ನನ್ನ ಹಿಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ ಹೇಳಿದ: "ಸಿರುಗುಪ್ಪದಾಗ ಬೆಂಕಿ ಪಾಠ ಹೇಳಾಕ ಹೋಗಿ ಗಿರಣಿಗೇ ಬೆಂಕಿ ಹಚ್ಚಿದ ಸಾಹೇಬ ಇವ್ನೇ ನೋಡಲೇ." ಇನ್ನೊಬ್ಬ, ಪಾಪ, ಮನುಷ್ಯ ಒಳ್ಳೆಯವನಂತೆ, ಎಂದ. ಒಳ್ಳೆಯವನೂ ಹೌದು, ಬೆಂಕಿ ಹಚ್ಚಿದವನೂ ಹೌದು ಎಂಬಂತೆ. ನನ್ನ ಕೈಯಲ್ಲಿ ಒಂದು ಹಿಡಿ ಮಣ್ಣಿತ್ತು. ತಿರುಗಿ ಮಾತಾಡಬೇಕೆಂದುಕೊಂಡೆ. ಆದರೆ ಸಾಹೇಬರು ಹಚ್ಚಲಿಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ನನಗೂ ಅಂದು ಗೊತ್ತಿರಲಿಲ್ಲ. ಡ್ರಮ್ಮು ಬೋರಲಾಗಿತ್ತು ಎಂಬುದಷ್ಟೇ ಗೊತ್ತಿತ್ತು. ಮಣ್ಣು ಹಾಕಿ ಬಂದೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬಂದರೆ ಅದೇ ಮಾತು ಮತ್ತೆ ಏಳುತ್ತದೆ ಎಂದು ಅವರ ಮಗಳು ಕೇಳಿಕೊಂಡಿದ್ದಾರೆ. ಗಿರಣಿಯಲ್ಲಿ ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಬೆನ್ನ ಹಿಂದೆ ಗಂಟಿ ಸಾಹೇಬರು.

ಬಳ್ಳಾರಿಯಲ್ಲಿ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾಗಿ ನಮ್ಮ ಅಕ್ಕಿ ಗಿರಣಿಗೆ ಬಂದವರು. ಗಿರಣಿ ಸಿರುಗುಪ್ಪದ ಅಂಚಿನಲ್ಲಿ, ಕಾಲುವೆಯ ಕಡೆಗಿತ್ತು. ಸುರಕ್ಷತೆ ನೋಡಿಕೊಳ್ಳಲು ಒಬ್ಬರಿರಬೇಕು, ಆಗಾಗ ಡ್ರಿಲ್ ಮಾಡಿ ಬುಕ್ಕಿನಲ್ಲಿ ಬರೆದಿಡಬೇಕು ಎಂಬ ನಿಯಮಕ್ಕಾಗಿ ಸಾವುಕಾರರು ಅವರನ್ನು ಇಟ್ಟುಕೊಂಡಿದ್ದರು. ಬುಕ್ಕು ಬರೆದರೆ ಸಾಕು ಎಂಬುದು ಸಾವುಕಾರರ ಲೆಕ್ಕ. ಬಂದ ಮೊದಲ ದಿನ ಸಾಹೇಬರು ಆಫೀಸಿನೊಳಗೆ ಕಾಲಿಡಲಿಲ್ಲ. ಕಂಪೌಂಡಿನ ಗೋಡೆಯ ಗುಂಟ ಎರಡು ಸುತ್ತು ಬಂದರು. ಹಿಂದಿನ ಗೇಟಿಗೆ ಬೀಗ ಬಿದ್ದಿತ್ತು. ಕೀಲಿ ಸಾವುಕಾರರ ಮನೆಯಲ್ಲಿದೆ ಎಂದರು ಯಾರೋ. ಸಾಹೇಬರು ಒಂದು ಕುರ್ಚಿ ತರಿಸಿ ಆ ಗೇಟಿನ ಮುಂದೆ ಕುಳಿತರು. ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಗೆ ಕೀಲಿ ಬಂತು, ಬೀಗ ತೆರೆಯಿತು, ಅವರು ಎದ್ದು ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ಬಂದರು. ಯಾರನ್ನೂ ಬೈಯಲಿಲ್ಲ.

ಗಿಡ್ಡ ಆಳು, ದಪ್ಪ ಕತ್ತು. ಎಡಗಿವಿ ಅರ್ಧ ಇರಲಿಲ್ಲ. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಅಂಗಿಯ ಜೇಬಿನಲ್ಲಿ ಒಂದು ಪೆನ್ನು, ಒಂದು ಪೀಪಿ. ಮೆತ್ತಗೆ ಮಾತಾಡುತ್ತಿದ್ದರು. ಅವರ ಒಂದು ಮಾತು ನಮಗೆಲ್ಲ ಬಾಯಿಪಾಠವಾಗಿತ್ತು: ಓಡಬ್ಯಾಡ್ರಿ, ಬಿರಬಿರ ನಡೀರಿ. ಅವರೂ ಓಡಿದ್ದನ್ನು ನಾವು ಕಂಡಿರಲಿಲ್ಲ.

ಮೊದಲ ಡ್ರಿಲ್ ಆದದ್ದು ಹೀಗೆ. ನಮ್ಮಲ್ಲಿ ಗಂಟೆ ಹೊಡೆದರೆ ಪಾಳಿ ಮುಗಿಯಿತು ಎಂದರ್ಥ. ಸಾಹೇಬರು ಹಿಂದಿನ ದಿನವೇ ಎಲ್ಲರಿಗೂ ತಿಳಿಸಿ ಹೇಳಿದ್ದರು, ಎಲ್ಲರೂ ತಲೆಯಾಡಿಸಿದ್ದರು. ಗಂಟೆ ಹೊಡೆದ ಕೂಡಲೇ ಹಮಾಲರು ಚೀಲದ ಮೇಲೆ ಕೂತು ಬೀಡಿ ಹಚ್ಚಿದರು. ಚೀಲ ಹೊಲಿಯುವ ಹೆಂಗಸರು ಬುತ್ತಿಗಂಟು ತೆಗೆದುಕೊಂಡು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮುಖ ತೊಳೆದು ಗೇಟು ದಾಟಿದರು. ಬೇವಿನ ಗಿಡದ ಕೆಳಗೆ ಬಂದು ನಿಂತವರು ನಾನು, ಬಾಯ್ಲರ್ ನೋಡಿಕೊಳ್ಳುವ ಬಸಣ್ಣ, ಮತ್ತೆ ಒಂದು ನಾಯಿ. ಸಾಹೇಬರು ಬುಕ್ಕು ತೆಗೆದು ನನ್ನ ಕೈಯಲ್ಲಿ ಬರೆಸಿದರು: 'ಹನ್ನೆರಡು ಮಂದಿ ಹಚ್ಚೊಳ್ಳಿ ಬಸ್ಸಿಗೆ ಹೋದರು. ಬಸ್ಸು ಸಮಯಕ್ಕೆ ಬಂದಿತ್ತು.' ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಅಕ್ಷರ ದುಂಡಗಿದೆ ಎಂದು ಅಂದಿನಿಂದ ಬುಕ್ಕು ಬರೆಯುವ ಕೆಲಸ ನನ್ನದಾಯಿತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಬುಕ್ಕು. ಗಂಟೆ ಹೊಡೆದ ಸಮಯ, ಕಡೆಯವರು ಹೊರಬಂದ ಸಮಯ, ಒಳಗಿದ್ದವರೆಷ್ಟು, ಗಿಡದ ಕೆಳಗೆ ಬಂದವರೆಷ್ಟು, ಕಂಡ ತಪ್ಪು. ಇವಿಷ್ಟು ನಾನು ತುಂಬಬೇಕು. ಕಡೆಯ ಕಲಮು 'ತಿದ್ದಬೇಕಾದದ್ದು'. ಅದನ್ನು ಅವರೇ ಬರೆಯುತ್ತಿದ್ದರು. ನನಗೆ ಮೂರು ಕಟ್ಟಳೆ ಹಾಕಿದ್ದರು. ಪೆನ್ಸಿಲಿನಲ್ಲಿ ಬರೆಯಬಾರದು. ಆಮೇಲೆ ಬರೆಯುತ್ತೇನೆ ಎನ್ನಬಾರದು, ಗಂಟೆ ಕೇಳಿದೊಡನೆ ಪೆನ್ನು ಓಡಬೇಕು. ಬರೆದದ್ದನ್ನು ಯಾವ ಕಾರಣಕ್ಕೂ ಅಳಿಸಬಾರದು. "ನೋಡಿದ್ದು ಬರಿ ವೀರೇಶಪ್ಪ, ಅನ್ಸಿದ್ದು ಬರೀಬ್ಯಾಡ," ಎನ್ನುತ್ತಿದ್ದರು.

ಮೂರನೆಯ ಡ್ರಿಲ್ಲಿನ ಹೊತ್ತಿಗೆ ಜನ ಗಿಡದ ಕೆಳಗೆ ಬರುವುದು ರೂಢಿಯಾಗಿತ್ತು. ಅಂದು ಸಾಹೇಬರು ಎಲ್ಲರೂ ಬಂದರೇನು ಎಂದು ಕೇಳಿದಾಗ ನಾನು ಗುಂಪಿನ ಮೇಲೆ ಕಣ್ಣಾಡಿಸಿ, ಬಂದಾರ್ರಿ ಸರ, ಎಂದುಬಿಟ್ಟೆ. ಅವರು ನನ್ನ ಕೈ ಹಿಡಿದು ಬಾಯ್ಲರ್ ಮನೆಗೆ ಕರೆದೊಯ್ದರು. ಒಳಗೆ ಬಸಣ್ಣ ಚಹಾ ಕುಡಿಯುತ್ತ ಕೂತಿದ್ದ. ನನ್ನನ್ನು ನೋಡಿ, "ನಾನು ಸತ್ತೀನಂತಪಾ ವೀರೇಶಿ, ಸಾಹೇಬ್ರು ಹೇಳ್ಯಾರ. ಚಾ ಕುಡೀತೀಯೇನು?" ಎಂದ. ಆ ದಿನ ಸಾಹೇಬರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಡ್ರಿಲ್ಲಿನಲ್ಲೂ ಅವರು ಒಬ್ಬರನ್ನು ಒಳಗೇ ಅಡಗಿಸಿ ಕೂರಿಸುತ್ತಿದ್ದರು. ಆ ದಿನ ಬೆಳಿಗ್ಗೆ ಅವರ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು. ಅವರನ್ನು ನಾವು 'ಉಳಿದವರು' ಎನ್ನುತ್ತಿದ್ದೆವು. ನನ್ನ ಲೆಕ್ಕದಲ್ಲಿ ಒಂದು ಕಡಿಮೆ ಬಂದರೆ ನಾನು ಗೆದ್ದೆ, ಸರಿಬಂದರೆ ಸೋತೆ. ಕಡಿಮೆ ಎಂದೊಡನೆ ಸಾಹೇಬರು ಪೀಪಿ ಊದುತ್ತಿದ್ದರು, ಇಬ್ಬರು ಹಮಾಲರು ನೆನೆಸಿದ ಗೋಣಿ ಹೊದ್ದು ಒಳಗೆ ಹೋಗಿ ಉಳಿದವರನ್ನು ಹುಡುಕಿ ತರುತ್ತಿದ್ದರು. ಉಳಿದವರಿಗೆ ಸಾಹೇಬರ ಕಡೆಯಿಂದ ಒಗ್ಗಾಣಿ, ಮಿರ್ಚಿ. ಬರಬರುತ್ತ ಅದೊಂದು ಮರ್ಯಾದೆಯಾಯಿತು. ಹೆಂಗಸರು ತಮ್ಮತಮ್ಮಲ್ಲೇ ಪಾಳಿ ಹಚ್ಚಿಕೊಂಡರು. ಸಾಹೇಬ್ರ, ಈ ಸಲ ಗಂಗಮ್ಮಂದು, ಮುಂದಿನ ಸಲ ಹುಲಿಗೆಮ್ಮಂದು ಎಂದು ಊಟದ ಹೊತ್ತಿನಲ್ಲಿ ಅವರೇ ಹೇಳುತ್ತಿದ್ದರು. ಸಾಹೇಬರು ಆಗಲಿ ಎನ್ನುತ್ತಿದ್ದರು.

ಇನ್ನು ಹೊಗೆ. ಗಂಟೆಯೊಂದೇ ಆದರೆ ಮೈಗೆ ಎಚ್ಚರ ಬರುವುದಿಲ್ಲ ಎಂದು ಅವರು ಭತ್ತದ ಹೊಟ್ಟನ್ನು ನೆನೆಸಿ ಡ್ರಮ್ಮಿಗೆ ತುಂಬಿ, ಬಸಣ್ಣನಿಂದ ಬಾಯ್ಲರಿನ ಕೆಂಡ ಇಸಕೊಂಡು ಹೊಗೆ ಎಬ್ಬಿಸುತ್ತಿದ್ದರು. ದಟ್ಟ ಬಿಳಿ ಹೊಗೆ. ಡ್ರಿಲ್ ಮುಗಿದ ಮೇಲೆ ನೀರು ಸುರಿದು, ಕೈಯಿಟ್ಟು ನೋಡಿ, ಡ್ರಮ್ಮನ್ನು ಬೋರಲು ಹಾಕುತ್ತಿದ್ದರು. ಡ್ರಮ್ಮು ನೆಟ್ಟಗಿದ್ದರೆ ಡ್ರಿಲ್, ಬೋರಲಿದ್ದರೆ ಇಲ್ಲ. ಗಂಟೆ ಮಾತ್ರ ಡ್ರಿಲ್ಲಿಗೂ ನಿಜದ ಬೆಂಕಿಗೂ ಒಂದೇ. ಬೇರೆ ಬೇರೆ ಗಂಟೆ ಇಡಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಇಟ್ಟರೆ ಜನ ನಿಜದ ಗಂಟೆಗಾಗಿ ಕಾಯುತ್ತ ಕೂರುತ್ತಾರೆ ಎಂದರು.

ಗಿರಣಿಯ ಹೊರಗೂ ಅವರು ಹಾಗೆಯೇ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ನಿಂತೇ ಹೋಗುವರು. ಮರಳಿನ ಬಕೆಟ್ಟು ಕೊಳ್ಳಲು ಒಮ್ಮೆ ಇಬ್ಬರೂ ಬಳ್ಳಾರಿಗೆ ಹೋಗಿದ್ದೆವು. ಮಗಳಿಗೆ ಒಂದು ಸೀರೆ ನೋಡೋಣ ಎಂದು ಮಹಡಿಯ ಮೇಲಿನ ಅಂಗಡಿಯೊಂದಕ್ಕೆ ಹತ್ತಿದರು. ಸೀರೆ ಹಾಸಿದರು. ಇನ್ನೊಂದು ಮೆಟ್ಟಿಲು ಎಲ್ಲಿದೆ ಎಂದು ಸಾಹೇಬರು ಕೇಳಿದರು. ಇದೆ, ಆದರೆ ಅಲ್ಲಿ ಬಟ್ಟೆಯ ಗಂಟು ಇಟ್ಟಿದ್ದೇವೆ ಎಂದ ಅಂಗಡಿಯವನು. ಸೀರೆ ಚೆನ್ನಾಗಿದೆ ಎಂದು ಹೇಳಿ, ಕೈಮುಗಿದು ಇಳಿದು ಬಂದರು. ಆ ಮಗಳು ಮೊನ್ನೆ ನನ್ನೊಡನೆ ಅಳುತ್ತ ಅಳುತ್ತಲೇ ನಕ್ಕರು: "ನನ್ನ ಲಗ್ನಕ್ಕ ಮೂರು ಕಲ್ಯಾಣ ಮಂಟಪ ಬ್ಯಾಡ ಅಂದ್ರಣ್ಣ ನಮ್ಮಪ್ಪ. ನಾಕನೇದ್ರಾಗ ಲಗ್ನ ಆತು. ತಾಳಿ ಕಟ್ಟೂ ಹೊತ್ತಿಗೆ ನೋಡ್ತೀನಿ, ಅಪ್ಪ ಹಿಂದಿನ ಬಾಗ್ಲಾಗ ಕುರ್ಚಿ ಹಾಕ್ಕಂಡು ಕುಂತಾರ."

ಅದೇ ಬಳ್ಳಾರಿಯ ದಿನ ಅವರೊಡನೆ ಕುರುಗೋಡಿನವರೆಗೂ ಹೋಗಿದ್ದೆ. ಬಸ್ಸು ಕೊಳಗಲ್ಲು ದಾಟಿದ ಮೇಲೆ ಅವರ ಕಿವಿಯ ಬಗ್ಗೆ ಕೇಳಿದೆ.

"ಎಲ್ಲಾರೂ ಬಂದಾರ ಅಂತ ಹೇಳಿದ್ರಪಾ," ಎಂದರು. "ನಾನೂ ನಂಬಿದೆ."

ಎಲ್ಲಿ, ಯಾವಾಗ, ಎಷ್ಟು ಜನ ಎಂದು ಹೇಳಲಿಲ್ಲ. ನಾನು ಕೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಆ ಅರ್ಧ ಕಿವಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಕೂತಿದ್ದರು.

ಈಗ ಆ ಗುರುವಾರಕ್ಕೆ ಬರುತ್ತೇನೆ. ಅವಸರ ಮಾಡದೆ ಬರೆಯಬೇಕು. ಕಂಡದ್ದನ್ನೂ ಅನಿಸಿದ್ದನ್ನೂ ಬೇರೆ ಮಾಡಲು ಒಂಬತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ.

ಗಂಟೆ ಹೊಡೆಯಿತು. ಆ ವಾರದಲ್ಲೊಂದು ಡ್ರಿಲ್ ಆಗಬೇಕಿತ್ತು, ಯಾವ ದಿನ ಎಂದು ಸಾಹೇಬರು ಎಂದಿನಂತೆ ಹೇಳಿರಲಿಲ್ಲ. ನಾನು ಬುಕ್ಕು ಬಿಡಿಸಿ, ನಿಂತಲ್ಲೇ ಬರೆದೆ: 'ಡ್ರಿಲ್. ಗಂಟೆ 10.42.' ಬರೆದ ಮೇಲೆ ತಲೆ ಎತ್ತಿದೆ. ಆಗ ಡ್ರಮ್ಮು ಕಂಡಿತು. ಬೋರಲು, ಮೇಲೆ ಕೆಂಪು ಟವೆಲ್ಲು. ಕಂಡಿತು ಎಂದರೆ ಕಣ್ಣಿಗೆ ಬಿತ್ತು. ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಗೋಣಿ ಗೋದಾಮಿನ ತಗಡಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಹೊಗೆ ಬಿಳಿಯಾಗಿತ್ತೋ ಕಪ್ಪಾಗಿತ್ತೋ ಎಂದು ಕೇಳಿದರೆ ಹೇಳಲಾರೆ. ಒಂದೊಂದು ದಿನ ಬಿಳಿಯಾಗಿ ನೆನಪಾಗುತ್ತದೆ, ಒಂದೊಂದು ದಿನ ಕಪ್ಪಾಗಿ. ಲಾರಿಯ ಡ್ರೈವರ್ ಖಾದರ್‌ಬಾಷಾ ಇಳಿದು ಬಂದು ನನ್ನ ಪಕ್ಕ ನಿಂತು, ಡ್ರಮ್ಮಿನ ಕಡೆಗೇ ಕೈ ತೋರಿಸಿ, "ಏನಣ್ಣಾ, ಡ್ರಮ್ಮು ಇಲ್ಲದಾಂಗ ಇವತ್ತು ಹೊಗಿ ಎಬ್ಬಿಸ್ಯಾನಲ್ಲ ನಿಮ್ಮ ಸಾಹೇಬ," ಎಂದ. ತಮಾಷೆಗೆ. ನಾನೂ ನಕ್ಕೆ. ಇಬ್ಬರೂ ಗಿಡದ ಕಡೆ ನಡೆದೆವು. ಓಡಲಿಲ್ಲ, ಬಿರಬಿರ ನಡೆದೆವು.

ಸಾಹೇಬರನ್ನು ಬಿಟ್ಟು ಒಳಗಿದ್ದವರು, ಡ್ರೈವರನ್ನೂ ಸೇರಿಸಿ, ಅರವತ್ತಮೂರು. ಗಿಡದ ಕೆಳಗೆ ಎಣಿಸಿದೆ. ಅರವತ್ತೆರಡು. ಇನ್ನೊಮ್ಮೆ ಎಣಿಸಿದೆ. ಅರವತ್ತೆರಡು. ನನಗೆ ಸಂತೋಷವಾಯಿತು. ಈ ಮಾತು ಬರೆಯಲು ಕೈ ತಡೆಯುತ್ತದೆ, ಆದರೂ ಅದು ನಿಜ. ಸಾಹೇಬರು ಕರೆಂಟಿನ ಮೇನ್ ತೆಗೆದು, ಹಿಂದಿನ ಗೇಟು ತೆರೆದು, ಹತ್ತು ನಲವತ್ತೆಂಟಕ್ಕೆ ಗಿಡದ ಹತ್ತಿರ ಬಂದರು. ಅವರು ಕೇಳುವ ಮೊದಲೇ ನಾನು ಹೇಳಿದೆ:

"ಒಬ್ರು ಕಮ್ಮಿ ಅದಾರ್ರಿ ಸರ."

"ಯಾರು?" ಎಂದರು.

ಯಾವ ಡ್ರಿಲ್ಲಿನಲ್ಲೂ ಅವರು ಯಾರು ಎಂದು ಕೇಳಿದವರಲ್ಲ. ಅವರೇ ಕೂರಿಸಿದವರು, ಅವರಿಗೆ ಗೊತ್ತೇ ಇರುತ್ತಿತ್ತು. ನನ್ನನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ.

"ನಿಮಗೇ ಗೊತ್ತಿರ್ತೈತಲ್ರಿ," ಎಂದೆ. ನಗುತ್ತ ಹೇಳಿದೆ.

ಅವರು ನನ್ನ ಮುಖ ನೋಡಿದರು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಅದೊಂದರ ಸಮಯ ನಾನು ಬರೆದಿಟ್ಟಿಲ್ಲ. ಆಮೇಲೆ ತಿರುಗಿ ಓಡಿದರು. ಅವರು ಓಡಿದ್ದನ್ನು ಕಂಡಾಗಲೇ ಅರವತ್ತೆರಡು ಜನಕ್ಕೂ ಇದು ಡ್ರಿಲ್ ಅಲ್ಲ ಎಂದು ತಿಳಿದದ್ದು. ಯಾರೋ ಹೆಂಗಸು ಹುಲಿಗೆಮ್ಮ ಇಲ್ಲ ಎಂದಳು. ಬಸಣ್ಣ ಅವರ ಹಿಂದೆ ಹೋಗಲು ಹೊರಟ, ಹಮಾಲರು ಹಿಡಿದುಕೊಂಡರು. ನಾನು ಬುಕ್ಕು ಹಿಡಿದು ನಿಂತಿದ್ದೆ.

ಹತ್ತು ಐವತ್ತಮೂರಕ್ಕೆ ಗೋದಾಮಿಗೆ ಹೊಂದಿದ್ದ ತೌಡಿನ ಕೋಣೆಯ ಬಾಗಿಲಿನಿಂದ ಹೊರಬಂದರು. ಹುಲಿಗೆಮ್ಮ ಅವರ ಹೆಗಲ ಮೇಲಿದ್ದಳು. ಅವರ ಬಲಗೈ ಮೊಣಕೈತನಕ ಸುಟ್ಟಿತ್ತು. ಅವರು ಗಿಡ ಮುಟ್ಟುವ ಮೊದಲೇ ಗೋದಾಮಿನ ತಗಡು ಕುಸಿಯಿತು. ಊರಿನಿಂದ ಬೆಂಕಿ ಗಾಡಿ ಬಂದು ಆರಿಸುವಷ್ಟರಲ್ಲಿ ಗೋದಾಮೂ ಅದಕ್ಕೆ ಹತ್ತಿದ ಅರ್ಧ ಗಿರಣಿಯೂ ಹೋಗಿತ್ತು. ಜೀವ ಒಂದೂ ಹೋಗಲಿಲ್ಲ.

ವಿಚಾರಣೆಗೆಂದು ಅಧಿಕಾರಿಯೊಬ್ಬರು ಬಂದದ್ದು ಹತ್ತು ಹನ್ನೆರಡು ದಿನಗಳ ಮೇಲೆ. ಸಾವುಕಾರರ ಆಫೀಸಿನಲ್ಲಿ ಮೇಜು ಹಾಕಿದ್ದರು. ಬುಕ್ಕು ಮೇಜಿನ ಮೇಲಿತ್ತು. ನನ್ನನ್ನು ಕರೆದು ಎರಡು ಪ್ರಶ್ನೆ ಕೇಳಿದರು. ಇದು ನಿಮ್ಮ ಅಕ್ಷರವೇ. ಹೌದು. ಇಲ್ಲಿ ಡ್ರಿಲ್ ಎಂದು ಬರೆದಿದ್ದೀರಿ, ಅಲ್ಲವೇ. ಹೌದು. ಆಯಿತು, ಹೋಗಿ ಎಂದರು. ಡ್ರಮ್ಮಿನ ಬಗ್ಗೆ ನನ್ನನ್ನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತಿದ್ದೆನೇನೋ. ಆದರೆ ನನಗಿಂತ ಮೊದಲು ಹುಲಿಗೆಮ್ಮನನ್ನು ಕೇಳಿದ್ದರು, ಸಾಹೇಬರೇ ತನ್ನನ್ನು ಒಳಗೆ ಕೂರಿಸಿದ್ದರು ಎಂದು ಅವಳು ಹೇಳಿದ್ದಳು. ಬಾಗಿಲ ಹೊರಗೆ ನಿಂತು ಅದನ್ನು ನಾನೇ ಕೇಳಿದೆ. ಅವಳನ್ನು ಕೂರಿಸಿದ್ದರೆ ಅದು ಡ್ರಿಲ್ಲೇ. ಡ್ರಿಲ್ ಆಗಿದ್ದರೆ ಡ್ರಮ್ಮು ನೆಟ್ಟಗಿರಬೇಕಿತ್ತು. ಹಾಗಾದರೆ ನಾನು ಕಂಡದ್ದೇನು? ಬೇರೆ ಯಾವುದೋ ದಿನ ಕಂಡ ಡ್ರಮ್ಮನ್ನು ಆ ದಿನಕ್ಕೆ ತಂದಿಟ್ಟುಕೊಂಡೆನೇ? ಡ್ರಮ್ಮೋ, ಬೆಂಕಿ ಆರಿಸುವ ಗದ್ದಲದಲ್ಲಿ ಎಲ್ಲಿಗೋ ಉರುಳಿ ಹೋಗಿತ್ತು.

ಬುಕ್ಕಿನ ಕಡೆಯ ಕಲಮನ್ನು ಅಧಿಕಾರಿ ಗಟ್ಟಿಯಾಗಿ ಓದಿದರು. ಸಾಹೇಬರು ಆಸ್ಪತ್ರೆಯಿಂದ ಬಂದವರೇ ಎಡಗೈಯಿಂದ ಬರೆದಿದ್ದರು, ಅಕ್ಷರ ಸೊಟ್ಟಸೊಟ್ಟ: 'ಇನ್ನು ಮುಂದೆ ಡ್ರಿಲ್ಲಿನಲ್ಲಿ ಯಾರನ್ನೂ ಒಳಗೆ ಕೂರಿಸಬಾರದು.' ಅಧಿಕಾರಿ ಇದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು. ಡ್ರಿಲ್ಲಿನ ಡ್ರಮ್ಮಿನಿಂದ ಕಿಡಿ ಹಾರಿ ಗೋಣಿ ಹೊತ್ತಿತು ಎಂದು ತೀರ್ಮಾನವಾಯಿತು. ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಸಾಹೇಬರನ್ನು ಕೇಳಿದರು. ಗೋಡೆಗೆ ಆತು ನಿಂತಿದ್ದರು. ಕೈಗೆ ಬಿಳಿ ಪಟ್ಟಿ.

"ಬುಕ್ಕಿನ್ಯಾಗ ಬರದದ್ದು ಸರಿ ಐತ್ರಿ," ಎಂದರು.

ಅಂದೇ ಕೆಲಸ ಬಿಟ್ಟು ಹೋದರು. ಬಸ್ ನಿಲ್ದಾಣಕ್ಕೆ ಅವರ ಹಿಂದೆ ಹೋದೆ. ಡ್ರಿಲ್ ಎಂಬ ಆ ಒಂದು ಶಬ್ದವನ್ನು ಹೊಡೆದುಹಾಕಿ ಬರುತ್ತೇನೆ, ಅಧಿಕಾರಿ ಇನ್ನೂ ಇದ್ದಾರೆ ಎಂದೆ. ಬೇಡ ಎಂದರು. ಬರೆದದ್ದನ್ನು ಅಳಿಸುವ ಚಟ ಹತ್ತಿದರೆ ಬುಕ್ಕನ್ನು ಯಾರೂ ನಂಬುವುದಿಲ್ಲ ಎಂದರು. ಅದು ಡ್ರಿಲ್ಲೇ ಆಗಿತ್ತೇ ಎಂದು ಕೇಳಲು ಬಾಯಿ ತೆರೆದೆ. ಕುರುಗೋಡು ಬಸ್ಸು ಬಂತು. ಹತ್ತಿದರು. ಬಾಗಿಲ ಪಕ್ಕದ ಸೀಟು ಖಾಲಿ ಇರಲಿಲ್ಲ, ನಿಂತರು. ಎಡಗೈಯಿಂದ ಕಂಬಿ ಹಿಡಿದುಕೊಂಡು ನನ್ನ ಕಡೆ ನೋಡಿ, "ಲೆಕ್ಕ ಬರೋಬ್ಬರಿ ಹೇಳ್ದಿ, ವೀರೇಶಪ್ಪ. ಎರಡು ಸಲ ಎಣಿಸ್ದಿ, ನೋಡಿದೆ ನಾನು," ಎಂದರು.

ಆಮೇಲೆ ಎರಡು ಸಲ ಕುರುಗೋಡಿಗೆ ಹೋಗಿ ಅವರನ್ನು ಕಂಡಿದ್ದೆ. ಎರಡು ಸಲವೂ ಬೇರೆ ಮಾತಾಡಿ ಬಂದೆ. ಬೆಳೆ, ಕಾಲುವೆ ನೀರು, ಅವರ ಮೊಮ್ಮಗಳ ಶಾಲೆ. ಆ ಶಾಲೆಗೆ ಒಂದೇ ಗೇಟು ಎಂದು ಹೆಡ್‌ಮಾಸ್ತರರಿಗೆ ಕಾಗದ ಬರೆದಿದ್ದರು. ಬಲಗೈಯ ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

ಮಣ್ಣಾದ ನಾಲ್ಕನೆಯ ದಿನ ನಾನು ಹಚ್ಚೊಳ್ಳಿಗೆ ಹೋದೆ. ಹುಲಿಗೆಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸಾಹೇಬರು ಹೋದ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ಹೇಳಿದೆ. ಮೊರವನ್ನು ಪಕ್ಕಕ್ಕಿಟ್ಟಳು. ಒಂದು ಮಾತು ಕೇಳಬೇಕು ಎಂದೆ. ಆ ದಿನ ಬೆಳಿಗ್ಗೆ ಸಾಹೇಬರು ಅವಳ ಕಿವಿಯಲ್ಲಿ ಹೇಳಿದ್ದರೇ?

"ಇಲ್ಲಣ್ಣ. ನಂದು ಪಾಳಿ ಇತ್ತು. ಗಂಟಿ ಹೊಡೀತು. ಸಾಹೇಬ್ರು ನಂಗ ಹೇಳಾದು ಮರ್ತಾರ ಅಂದ್ಕಂಡು ನಾನೇ ಹೋಗಿ ಗೋಣಿ ಹಿಂದ ಕುಂತೆ."

ಹೊಗೆ ಬಂದಾಗ ಎದ್ದು ಬರಬಾರದಿತ್ತೇ ಎಂದೆ.

"ಪ್ರತಿ ಸಲ ಬರೂ ಹೊಗೀನೇ ಅಲ್ಲೇನು ಅಂದ್ಕಂಡೆ. ಕೆಮ್ಮು ಬಂತು, ಸೆರಗು ಬಾಯಿಗೆ ಇಟ್ಕಂಡೆ. ಎದ್ದು ಬಂದ್ರ ಪಾಳಿ ತಪ್ಪತೈತಲ್ಲಣ್ಣ." ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಸಾಹೇಬ್ರು ಹೆಗಲ ಮ್ಯಾಲ ಹೊತ್ಕಂಡು ಬರುವಾಗ ಒಂದೇ ಮಾತು ಹೇಳಿದ್ರು. ಯಾರು ಕೇಳಿದ್ರೂ ನಾನೇ ಕುಂಡ್ರಿಸಿದ್ದೆ ಅನ್ನವ್ವ ಅಂದ್ರು. ಯಾಕ ಅಂತ ನಂಗ ತಿಳೀಲಿಲ್ಲ. ಕೇಳಿದ್ರು, ಹಂಗೇ ಅಂದೆ."

ಅದರಿಂದ ಅವರಿಗೆ ಕೆಟ್ಟ ಹೆಸರು ಬಂತು ಎಂಬುದು ಅವಳಿಗೆ ಈಗಲೂ ಗೊತ್ತಿರಲಿಲ್ಲ. ಗಿರಣಿ ಮುಚ್ಚಿದ ಮೇಲೆ ಅವಳು ಸಿರುಗುಪ್ಪದ ಕಡೆ ಬಂದೇ ಇಲ್ಲ. ನಾನೂ ಹೇಳಲಿಲ್ಲ.

ಹಾಗಾದರೆ ನಾನು ಕಂಡ ಡ್ರಮ್ಮು ಕಂಡಂತೆಯೇ ಇತ್ತು. ಆ ದಿನ ಡ್ರಿಲ್ ಇರಲಿಲ್ಲ. ಸಾಹೇಬರು ಹೊಗೆ ನೋಡಿ ಗಂಟೆ ಹೊಡೆದರು, ಅಷ್ಟೇ. ಬೆಂಕಿ ಎಲ್ಲಿಂದ ಬಂತು ನನಗೆ ಗೊತ್ತಿಲ್ಲ. ಅವರೇಕೆ ಹಾಗೆ ಹೇಳಿಸಿದರು ಎಂಬುದೂ ತಿಳಿಯುವುದಿಲ್ಲ. ಡ್ರಿಲ್ ಇರಲಿಲ್ಲ ಎಂದರೆ ಬೆಂಕಿಯೊಳಗೆ ತಾನಾಗಿ ಕೂತವಳು ಎಂದು ಅವಳನ್ನು ಅನ್ನುತ್ತಿದ್ದರು. ಗಿಡದ ಕೆಳಗೆ ನಗುತ್ತ ನಿಂತವನು ಎಂದು ನನ್ನನ್ನು ಅನ್ನುತ್ತಿದ್ದರು. ಅದಕ್ಕಾಗಿಯೋ? ಅಥವಾ ಕೂರಿಸುವ ಪದ್ಧತಿ ತಮ್ಮದು, ಅವಳು ಕೂತದ್ದು ಅದರಿಂದಲೇ, ಆದ್ದರಿಂದ ತಾನೇ ಕೂರಿಸಿದಂತೆ ಎಂದು ಅವರು ನಿಜವಾಗಿಯೂ ನಂಬಿದ್ದರೋ? ಒಂದು ದಿನ ಒಂದು ಸರಿ ಎನಿಸುತ್ತದೆ, ಮರುದಿನ ಇನ್ನೊಂದು. ಅನಿಸಿದ್ದನ್ನು ಬರೆಯಬೇಡ ಎಂದಿದ್ದರು. ಇದನ್ನು ಇಲ್ಲಿಗೆ ಬಿಡುತ್ತೇನೆ.

ಆ ಗುರುವಾರ ಬೆಳಿಗ್ಗೆ ಡ್ರಮ್ಮು ಬೋರಲಾಗಿದ್ದದ್ದನ್ನು ಕಂಡವರಲ್ಲಿ ಈಗ ಬದುಕಿರುವವರು ಇವರು. ವೇಬ್ರಿಡ್ಜ್ ಗುಮಾಸ್ತನಾಗಿದ್ದ ವೀರೇಶ, ಎಂದರೆ ನಾನು. ಸಿರುಗುಪ್ಪದಲ್ಲೇ ಇದ್ದೇನೆ. ಬಾಯ್ಲರಿನ ಬಸಣ್ಣ, ಮೋಕದಲ್ಲಿ ಮಗನ ಮನೆಯಲ್ಲಿದ್ದಾನೆ. ಆ ದಿನ ಸಾಹೇಬರು ತನ್ನ ಹತ್ತಿರ ಕೆಂಡ ಇಸಕೊಳ್ಳಲಿಲ್ಲ ಎಂದು ಹೋದ ವಾರ ನನ್ನ ಮುಂದೆ ಹೇಳಿದ. ಆಗ ಹೇಳಿದ್ದರೆ ಕಿಡಿ ಬಾಯ್ಲರಿನದು ಎನ್ನುತ್ತಿದ್ದರು, ಹೆದರಿದೆ ಎಂದ. ಟವೆಲ್ಲು ಕೆಂಪಗಿತ್ತು ಎಂದು ನಾನು ಹೇಳುವ ಮೊದಲೇ ಅವನು ಹೇಳಿದ. ಲಾರಿ ಡ್ರೈವರ್ ಖಾದರ್‌ಬಾಷಾ, ಈಗಲೂ ಬಳ್ಳಾರಿ ರಸ್ತೆಯಲ್ಲಿ ಲಾರಿ ಓಡಿಸುತ್ತಾನೆ. ತನ್ನ ತಮಾಷೆಯ ಮಾತು ಅವನಿಗೆ ನೆನಪಿದೆ. ಡ್ರಮ್ಮನ್ನು ನೋಡದಿದ್ದರೂ ನಮ್ಮ ಮೂವರಿಗಿಂತ ಹೆಚ್ಚು ತಿಳಿದವಳು ಇನ್ನೊಬ್ಬಳು, ನನ್ನ ಎಣಿಕೆಯಲ್ಲಿ ಕಡಿಮೆ ಬಿದ್ದಿದ್ದವಳು. ಹಚ್ಚೊಳ್ಳಿಯ ಹುಲಿಗೆಮ್ಮ. ಬದುಕಿದ್ದಾಳೆ.